ಬೀಗರ ಪದ ಮತ್ತು ನನ್ನ ಮೊಣಕೈ

ಹಾಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂಬುದು ನನ್ನ ಬಹುದಿನಗಳ ನಂಬಿಕೆಯಾಗಿತ್ತು. ಬಾಯಿ ಇದೆ, ಗಂಟಲಿದೆ, ಮುಂದೆ ಮೈಕು ಇದೆ. ಇನ್ನೇನು ಬೇಕು? ಕಷ್ಟದ ಕೆಲಸವೆಂದರೆ ಡ್ರಮ್ ಬಾರಿಸುವುದು. ಎರಡು ಕೈ, ಎರಡು ಕಾಲು ಬೇರೆ ಬೇರೆ ದಾರಿ ಹಿಡಿದು ಕೊನೆಗೆ ಒಂದೇ ಊರು ಮುಟ್ಟಬೇಕು. ವಿದ್ಯಾಗಿರಿಯ ನಮ್ಮ ರಾಕ್ ಬ್ಯಾಂಡ್ ‘ಕೆಂಗಲ್ಲು’ ಹುಟ್ಟಿದಾಗಿನಿಂದ ಆ ಕೆಲಸ ಮಾಡುತ್ತ ಬಂದವನು ನಾನು. ಹಗಲು ಕಾಲೇಜಿನಲ್ಲಿ ಗಣಿತ ಪಾಠ, ಸಂಜೆ ಡ್ರಮ್ಮು. ಎರಡೂ ಕಡೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ ಎಂಬುದು ಬೇರೆ ಮಾತು!

ಆದರೆ ಡ್ರಮ್ಮರನಾದವನಿಗೆ ಒಂದು ಶಾಪವಿದೆ. ಅವನ ಮುಖ ಯಾರಿಗೂ ಕಾಣುವುದಿಲ್ಲ. ಮುಂದೆ ಹಾಡುವವನು, ಪಕ್ಕದಲ್ಲಿ ಗಿಟಾರಿನವನು, ಎಲ್ಲರ ಹಿಂದೆ ಡ್ರಮ್ಮಿನ ಹಿತ್ತಾಳೆ ತಾಟುಗಳ ಮರೆಯಲ್ಲಿ ನಾನು. ಒಮ್ಮೆ ಬ್ಯಾಂಡಿನ ಪೋಸ್ಟರನ್ನು ಹೆಮ್ಮೆಯಿಂದ ಹುನಗುಂದದ ನಮ್ಮ ಅತ್ತೆಯವರಿಗೆ ತೋರಿಸಿದೆ. ಅವರು ನನ್ನ ಹೆಂಡತಿಯ ತಾಯಿ, ನಿವೃತ್ತ ಶಾಲಾ ಶಿಕ್ಷಕಿ. ಕನ್ನಡಕ ಏರಿಸಿ, ಉತ್ತರಪತ್ರಿಕೆ ನೋಡುವಂತೆ ನೋಡಿದರು.

“ಇದ್ರಾಗ ನೀವು ಎಲ್ಲಿದ್ದೀರಿ?”

“ಇಲ್ಲಿ ನೋಡ್ರಿ ಅತ್ತಿ, ಈ ಮೊಣಕೈ ನಂದ.”

ಅವರು ಕನ್ನಡಕ ಇಳಿಸಿದರು. ಪೋಸ್ಟರ್ ಮಡಿಚಿ ವಾಪಸು ಕೊಟ್ಟರು. ಸೊನ್ನೆ ಅಂಕ! ಒಂದು ಸಲವಾದರೂ ಈ ಮುಖ ಎಲ್ಲರಿಗಿಂತ ಮುಂದೆ ಬರಬೇಕು, ಅದನ್ನು ಈ ಅತ್ತೆ ಕಣ್ಣಾರೆ ನೋಡಬೇಕು ಎಂದು ಅಂದೇ ನಿರ್ಧರಿಸಿದೆ.

ಅವಕಾಶ ತಾನಾಗಿ ಒದಗಿತು. ನಾದಿನಿ ಲತಾಳಿಗೆ ಇಳಕಲ್ಲಿನ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಹಿಟ್ಟು ನಾದುತ್ತಿದ್ದ ನನ್ನ ಹೆಂಡತಿ ಸುಜಾತಾ ಎಚ್ಚರಿಕೆ ಕೊಟ್ಟಳು.

“ಏನ್ರಿ, ಡ್ರಮ್ ತರಬ್ಯಾಡ್ರಿ ಅಂತ ಅವ್ವ ಹೇಳ್ಯಾಳ. ನಮ್ಮ ಮದುವ್ಯಾಗ ನೀವೆಲ್ಲಾ ಬಾರಿಸಿದ್ದಕ್ಕ ಅಡಗಿಯಾಂವ ಸಾರಿನ ಸೌಟು ಒಗದು ಓಡಿ ಹೋಗಿದ್ದ, ನೆನಪೈತಿಲ್ಲೋ?”

“ಡ್ರಮ್ ಯಾಕ ಬೇಕು? ನಾ ಹಾಡ್ತೇನಿ. ಒಬ್ಬಾಂವನ! ಗಿಟಾರ್ ಹಿಡಕೊಂಡು ಜಾನಪದ!”

ಅವಳ ಕೈ ಹಿಟ್ಟಿನಲ್ಲೇ ನಿಂತಿತು. “ನೀವು? ಬಚ್ಚಲದಾಗೂ ನೀವು ಹಾಡಿದ್ದು ನಾ ಕೇಳಿಲ್ಲಲ್ರಿ!”

“ಅದಕ್ಕ ಗಂಟಲಾ ಇನ್ನೂ ಹೊಸಾದೈತಿ,” ಎಂದೆ.

ಗಿಟಾರ್ ಕಲಿಸುವ ಭಾರ ನಮ್ಮ ಬ್ಯಾಂಡಿನ ದಸ್ತಗೀರನ ಮೇಲೆ ಬಿತ್ತು. ಹಗಲು ಚಸ್ಮಾ ಅಂಗಡಿ ನಡೆಸುವ ತಾಳ್ಮೆಯ ಮನುಷ್ಯ. ಆ ತಾಳ್ಮೆ ಒಂದು ವಾರ ಬಾಳಿತು.

“ಲೇ, ಅದು ಗಿಟಾರಲೇ! ಬಡೀಬ್ಯಾಡ, ಮೀಟು!”

“ಮೀಟಾಕತ್ತೇನಲ್ಲೋ.”

“ನೀ ಮೀಟಿದ್ದಕ್ಕ ತಂತಿ ಹರದಾವ. ಬಡದಿದ್ರ ಮನೀನ ಬೀಳ್ತಿತ್ತು!”

ಇನ್ನು ಹಾಡು. ಶಿವಯೋಗ ಮಂದಿರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪದಗಳ ಕಣಜ. ಮದುವೆಯಲ್ಲಿ ಹಾಡುವಂಥ ಒಂದೆರಡು ಪದ ಕಲಿಸು ಎಂದೆ. ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

“ಬೀಗರ ಪದಾ ತಗೋ. ನಾ ಇದನ್ನ ಹಾಡಿದ ಮದುವ್ಯಾಗೆಲ್ಲಾ ಮಂದಿ ಹೊಟ್ಟಿ ಹಿಡಕೊಂಡು ನಕ್ಕಾರ.”

ಬೀಗರ ಪದವೆಂದರೆ ಮದುವೆಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯವರನ್ನು ಹಾಡಿನಲ್ಲೇ ಛೇಡಿಸುವುದು. ಛೇಡಿಸಿದಷ್ಟೂ ಪ್ರೀತಿ. ನಾನು ಶ್ರದ್ಧೆಯಿಂದ ಕಲಿತೆ. ಆದರೆ ಡ್ರಮ್ಮರ್ ಕಲಿಯುವ ಕ್ರಮದಲ್ಲಿ ಕಲಿತೆ. ಇಷ್ಟು ವರ್ಷ ನೂರಾರು ಹಾಡಿಗೆ ಬಾರಿಸಿದ್ದೇನೆ, ಒಂದರ ಅರ್ಥವನ್ನೂ ಕೇಳಿಸಿಕೊಂಡಿಲ್ಲ. ನಮಗೆ ಬೇಕಾದದ್ದು ತಾಳ. ಎಲ್ಲಿ ಎತ್ತಬೇಕು, ಎಲ್ಲಿ ಬಿಡಬೇಕು. ಮಾತುಗಳು ಕವಿಗೆ ಸೇರಿದವು!

ಇನ್ನೊಂದು ಸಂಗತಿ ನಾನು ಯೋಚಿಸಲೇ ಇಲ್ಲ. ನಮ್ಮ ಆಯಿ ಹೆತ್ತದ್ದೆಲ್ಲ ಗಂಡುಮಕ್ಕಳು. ಅವಳು ಜೀವಮಾನವಿಡೀ ಗಂಡಿನ ಕಡೆಯವಳಾಗಿಯೇ ಮದುವೆಗೆ ಹೋದವಳು. ನಾನೋ, ಈ ಮದುವೆಯಲ್ಲಿ ಹೆಣ್ಣಿನ ಕಡೆಯವನು. ಗಣಿತದ ಮೇಷ್ಟ್ರು ಇಷ್ಟು ಲೆಕ್ಕ ಹಾಕಬೇಕಿತ್ತು!

ಇಳಕಲ್ಲಿನ ಮಂಗಲ ಕಾರ್ಯಾಲಯ ತುಂಬಿ ತುಳುಕುತ್ತಿತ್ತು. ಅಕ್ಷತೆ ಬಿದ್ದು ಊಟಕ್ಕೆ ಇನ್ನೂ ಹೊತ್ತಿತ್ತು. ಮರದ ಹಲಗೆಯ ವೇದಿಕೆಯ ನಟ್ಟನಡುವೆ ಒಂದು ಕುರ್ಚಿ, ಒಂದು ಮೈಕು, ನಾನು. ಮುಂದಿನ ಸಾಲಿನಲ್ಲಿ ಹೊಸ ಇಳಕಲ್ ಸೀರೆ ಉಟ್ಟ ನಮ್ಮ ಅತ್ತೆ. ಅವರ ಕನ್ನಡಕ ನೇರ ನನ್ನ ಮುಖದ ಮೇಲಿತ್ತು. ಜನ್ಮ ಸಾರ್ಥಕ! ಗಂಟಲು ಸರಿ ಮಾಡಿಕೊಂಡು ಎತ್ತಿದೆ.

ಹೆಣ್ಣ ಹಡೆದಾಕಿ ಸಣ್ಣಂಚ ಸೀರ್ಯಾಗ
ಬಣ್ಣ ತೋರಿಸುತ ಬಂದಾಳ – ಆ ಸೀರಿ
ನೆರಮನಿಯಾಕಿ ಹುಡುಕ್ಯಾಳ!

ಗಂಡಿನ ಕಡೆಯಿಂದ ನಗೆಯ ಸ್ಫೋಟವಾಯಿತು. ಸಿಳ್ಳೆ, ಚಪ್ಪಾಳೆ! ಮೊದಲ ಪದಕ್ಕೇ ಇಂಥ ಮರ್ಯಾದೆಯೇ ಎಂದು ನಾನು ಹಿಗ್ಗಿದೆ. ಸುಜಾತಾ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಪಾಪ, ಗಂಡನ ಯಶಸ್ಸು ತಡೆಯಲಾಗುತ್ತಿಲ್ಲ ಎಂದುಕೊಂಡು ಇನ್ನೂ ಜೋರಾಗಿ ಹಾಡಿದೆ.

ಹುಗ್ಗೀಯ ಕಂಡಾಳ ಹಿಗ್ಗೀಲೆ ಕುಂತಾಳ
ಬಗ್ಗಿದ ತಲಿಯ ಎತ್ತವಲ್ಲಳ – ಆಕೀನ
ಎಬ್ಬಸಾಕ ಬೇಕು ಜೋಡೆತ್ತ!

ಸುಜಾತಾ ವೇದಿಕೆಯ ಅಂಚಿಗೇ ಓಡಿಬಂದಳು. “ರೀ, ನಿಲ್ಲಸ್ರಿ! ನೀವು ನಮ್ಮ ಕಡ್ಯಾವರು! ಈ ಮದುವ್ಯಾಗ ಹೆಣ್ಣ ಹಡೆದಾಕಿ ಯಾರು, ವಿಚಾರ ಮಾಡ್ರಿ!”

ವಿಚಾರ ಮಾಡಿದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಹಾಡಿನ ಅರ್ಥ ನನಗೆ ತಿಳಿಯಿತು. ಹೆಣ್ಣ ಹಡೆದಾಕಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಅದೇ ಗಳಿಗೆಗೆ ಗಿಟಾರಿನ ತಂತಿಯೊಂದು ಟಣ್ ಎಂದು ಹರಿಯಿತು!

ಅತ್ತೆ ಎದ್ದರು. ಅವರು ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರೆ ನನಗೆ ಮೂರನೇ ಇಯತ್ತೆಯಲ್ಲಿ ಮೇಷ್ಟ್ರು ಹತ್ತಿಸಿ ನಿಲ್ಲಿಸಿದ ಬೆಂಚು ನೆನಪಾಯಿತು. ಬಂದವರೇ ನನ್ನ ಮುಂದಿನ ಮೈಕನ್ನು ಕಿತ್ತುಕೊಂಡರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ನನಗೆ ಬೆನ್ನು ಮಾಡಿ ನಿಂತು ಹಾಡಿದರು!

ಹಾಡಾಕ ಬಂದಾನ ನೋಡವ್ವ ನಮ್ಮಳಿಯ
ಹಾಡೀಗಿಂತ ಹೆಚ್ಚು ಕೆಮ್ಯಾನ – ಈ ಭೂಪ
ಡಬ್ಬಿ ಬಡದಿದ್ರ ಬೇಸಿತ್ತ!

ಏನು ಕಂಠ! ಕಾರ್ಯಾಲಯದ ತಗಡು ನಡುಗಿತು. ಈಗ ಹೆಣ್ಣಿನ ಕಡೆಯವರ ಸರದಿ. ಅವರು ಕೂಗಿದ ಕೂಗು ಹುನಗುಂದಕ್ಕೆ ಕೇಳಿರಬೇಕು. ಗಂಡಿನ ಕಡೆಯ ಹೆಂಗಸರು ಸುಮ್ಮನಿರುತ್ತಾರೆಯೇ? “ಬಿಡಬ್ಯಾಡ್ರಿ! ಉತ್ತರಾ ಕೊಡ್ರಿ! ಈಗ ನೀವು ನಮ್ಮ ಕಡ್ಯಾವರು!” ಎಂದು ನನ್ನನ್ನು ದತ್ತು ತೆಗೆದುಕೊಂಡೇ ಬಿಟ್ಟರು. ಬೀಗರ ಪದಕ್ಕೆ ಉತ್ತರ ಕೊಡದಿದ್ದರೆ ಸೋತಂತೆ. ನನ್ನ ಬಳಿ ಇದ್ದದ್ದು ಎರಡೇ ಪದ. ಎರಡೂ ಮುಗಿದಿದ್ದವು.

ಬಾಯಿ ಸೋತಿತು. ಕೈಕಾಲು ಸೋಲಲಿಲ್ಲ. ನನ್ನ ಬಲಗಾಲು ತಾನಾಗಿಯೇ ಹಲಗೆಯನ್ನು ಧಂ ಎಂದು ಒದೆಯಿತು. ಗಿಟಾರನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಎರಡೂ ಕೈಯಲ್ಲಿ ಬಾರಿಸತೊಡಗಿದೆ. ದಸ್ತಗೀರ ದೂರದಲ್ಲಿ ತಲೆಯ ಮೇಲೆ ಕೈ ಇಟ್ಟುಕೊಂಡ, ಗಿಟಾರು ಅವನದು. ಅತ್ತೆ ತಿರುಗಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಇಲ್ಲ, ತಾಳ ಹಿಡಿದರು!

ತಲಿಮ್ಯಾಲ ಕಾಡೈತಿ ಹಣಿಗೀಯ ಕಂಡಿಲ್ಲ
ಗುಬ್ಬೀಯ ಜೋಡಿ ಗೂಡ್ಕಟ್ಟಿ – ಅದರಾಗ
ಬಾಡಿಗಿ ಇಲ್ಲದ ಬಾಳ್ಯಾವ!

ಬಾಚಣಿಗೆ ಕಾಣದ ನನ್ನ ಕೂದಲ ವರ್ಣನೆಗೆ ನಾನೇ ಡರ್ರ್ ಎಂದು ಉರುಳಿಕೆ ಹಾಕಿ ಬಾರಿಸಿದೆ. ಗಂಡಿನ ತಾಯಿ ಸೆರಗು ಸಿಕ್ಕಿಸಿ ವೇದಿಕೆ ಏರಿದರು. ಅವರೊಂದು, ಇವರೊಂದು. ಎರಡೂ ಕಡೆಯ ಹೆಂಗಸರು ದನಿ ಕೂಡಿಸಿದರು. ನಕ್ಕು ನಕ್ಕು ಮದುಮಗಳ ಬಾಸಿಂಗ ಜಾರಿತು. ಹುಗ್ಗಿ ಆರಿತು, ಯಾರೂ ಏಳಲಿಲ್ಲ. ಅಡುಗೆಯವರೂ ಸೌಟು ಹಿಡಿದು ಬಂದು ನಿಂತರು. ಈ ಸಲ ಯಾರೂ ಓಡಿಹೋಗಲಿಲ್ಲ!

ಕೊನೆಗೆ ಅತ್ತೆ ಏದುಸಿರು ಬಿಡುತ್ತ ನನ್ನ ಪಕ್ಕದಲ್ಲಿ ಕುಳಿತರು. ಕಣ್ಣು ತುಂಬಿದ್ದವು.

“ಸಾಲಿ ನೌಕರಿಗಿ ಸೇರಿದ ಮ್ಯಾಲ ಪದಾ ಬಿಟ್ಟಬಿಟ್ಟಿದ್ನಿ. ಟೀಚರ್ ಹಿಂಗ ಹಾಡಿದ್ರ ಹುಡುಗ್ರು ಅಂಜತಾರೇನು ಅಂತ. ಇವತ್ತ ನೀವು ಬಾರಿಸಿರಲಿಲ್ಲಂದ್ರ ನನ್ನ ಬಾಯಾಗ ಒಂದರ ಮ್ಯಾಲ ಇನ್ನೊಂದು ಬರ್ತಿರಲಿಲ್ಲ ನೋಡ್ರಿ.”

ಅವರ ಬಾಯಿಂದ ನಾನು ಕೇಳಿದ ಮೊದಲ ಮೆಚ್ಚುಗೆ ಅದು. ನನ್ನ ಹಾಡಿನ ಬಗ್ಗೆ ಮಾತ್ರ ಅವರು ಒಂದು ಮಾತೂ ಆಡಲಿಲ್ಲ.

ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಈಗ ಅತ್ತೆಗೆ ಮದುವೆಯಿಂದ ಮದುವೆಗೆ ಕರೆ. ಬಾರಿಸಲು ನಾನು. ಮೊನ್ನೆ ಬಾದಾಮಿಯ ಮದುವೆಯೊಂದರ ಬಾಗಿಲಲ್ಲಿ ದೊಡ್ಡ ಬ್ಯಾನರು ಕಟ್ಟಿದ್ದರು. ಮೈಕು ಹಿಡಿದ ಅತ್ತೆಯ ಫೋಟೋ, ಕೆಳಗೆ ‘ಮತ್ತು ಸಂಗಡಿಗರು’. ಅತ್ತೆ ಅಲ್ಲಿನ ಹೆಂಗಸರನ್ನೆಲ್ಲ ಕರೆದು ಹೇಳುತ್ತಿದ್ದರು.

“ಈ ಫೋಟೋದಾಗ ನನ್ನ ಹಿಂದ ಬಾರಿಸಾಕತ್ತಾರಲ್ಲ, ಅವರ ನಮ್ಮ ಅಳಿಯಂದ್ರು! ಇಡೀ ಜಿಲ್ಲಾದಾಗ ಹಂಗ ಬಾರಿಸೋರಿಲ್ಲ.”

“ಎಲ್ಲಿ ಅದಾರ್ರಿ? ಕಾಣವಲ್ರಲ್ಲ!”

ಅತ್ತೆ ಕನ್ನಡಕ ಏರಿಸಿ, ಅಭಿಮಾನದಿಂದ ಬ್ಯಾನರಿನ ಮೂಲೆಗೆ ಬೆರಳಿಟ್ಟರು. “ಇಲ್ಲಿ ನೋಡ್ರಿ, ಈ ಮೊಣಕೈ!”

ನಾನು ಪಕ್ಕದಲ್ಲೇ ನಿಂತಿದ್ದೆ. ಯಾರಿಗೂ ಗುರುತು ಸಿಗಲಿಲ್ಲ. ಕೊನೆಗೆ ಅಂಗಿಯ ತೋಳು ಮಡಿಚಿ, ಮೊಣಕೈ ಎತ್ತಿ ತೋರಿಸಿದೆ.