ಅಳಿಯನ ಲಿನಕ್ಸೂ ನಮ್ಮ ವಂಶಾವಳಿಯೂ

ತುಂಬಾ ಕಲಿತವನು ಅಳಿಯನಾಗಿ ಬಂದರೆ ಮನೆಯಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನೂ ಬಿ.ಎ. ಮಾಡಿದವಳೇ. ಆದರೆ ನನ್ನ ಓದಿನಿಂದ ಯಾರಿಗೂ ಉಪದ್ರವ ಆಗಿಲ್ಲ.

ಗಂಡನ ಕುಟುಂಬದ ವಂಶಾವಳಿಯನ್ನು ಹೆಣ್ಣುಮಕ್ಕಳ ಹೆಸರೂ ಬಿಡದೆ ಕೈಯಲ್ಲಿ ಬರೆದಿಟ್ಟವಳು ನಾನು. ಬೆಳ್ಮಣ್ಣಿನ ಮೂಲಮನೆಯಲ್ಲಿ ನಾಗನ ತಂಬಿಲದ ಪೂಜೆಗೆ ಎಲ್ಲರೂ ಸೇರಿದಾಗ ಪ್ರತಿ ವರ್ಷ ಒಯ್ಯುತ್ತಿದ್ದೆ. ನನ್ನ ಗಂಡನ ಅಣ್ಣ, ದೊಡ್ಡ ಭಾವ, ಅದರ ಮೇಲೆ ಎಲೆಅಡಿಕೆ ತಟ್ಟೆ ಇಟ್ಟು, "ಹೆಂಗಸರಿಗೂ ಹೊತ್ತು ಹೋಗಬೇಕಲ್ವಾ" ಎನ್ನುತ್ತಿದ್ದರು. ಈ ಸಲ ಅಚ್ಚುಕಟ್ಟಾಗಿ ಮುದ್ರಿಸಿ ಅವರ ಕೈಗೇ ಕೊಡಬೇಕೆಂದು ಹಟ ತೊಟ್ಟು ಕಂಪ್ಯೂಟರು, ಪ್ರಿಂಟರು ಎರಡನ್ನೂ ಕೊಂಡೆ.

೧. ಧರ್ಮಕ್ಕೆ ಸಿಕ್ಕಿದ್ದು

ಮಣಿಪಾಲದಲ್ಲಿ ಪಾಠ ಮಾಡುವ ಅಳಿಯ ಮರುದಿನವೇ ಬಂದ. ಅಂಗಡಿಯವನು ಹಾಕಿಕೊಟ್ಟದ್ದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಬೇರೆ ತಂತ್ರಾಂಶ ಹಾಕಿದ.

"ಅತ್ತೆ, ಇದಕ್ಕೆ ವೈರಸ್ ಬರುವುದಿಲ್ಲ. ಮತ್ತೆ ಪೂರ್ತಿ ಧರ್ಮಕ್ಕೆ."

"ದೇವಸ್ಥಾನದ ಊಟದ ಹಾಗೆಯಾ?"

"ಹಾಗೆಯೇ."

ಸಂಜೆಯಾದರೂ ಪರದೆ ಕಪ್ಪಾಗಿಯೇ ಇತ್ತು, ಅಳಿಯ ಬೆವರುತ್ತಿದ್ದ.

"ಅಳಿಯಂದಿರೇ, ದೇವಸ್ಥಾನದಲ್ಲಿ ಬೇಯಿಸಿಯಾದರೂ ಬಡಿಸುತ್ತಾರೆ," ಎಂದೆ.

೨. ಮಡಿ

ಕೊನೆಗೂ ಪರದೆಗೆ ಬಣ್ಣ ಬಂತು. ನಾನು ಖುಷಿಯಲ್ಲಿ ಗಡಿಯಾರದ ಸಮಯ ಸರಿಮಾಡಲು ಹೋದೆ. ಪಾಸ್‌ವರ್ಡ್ ಕೇಳಿತು. ಪ್ರಿಂಟರು ಸೇರಿಸಲು ಹೋದೆ. ಮತ್ತೆ ಪಾಸ್‌ವರ್ಡ್.

"ಅದು ನನ್ನ ಹತ್ತಿರ ಮಾತ್ರ ಉಂಟು ಅತ್ತೆ. ನೀವು ಬರೆಯಿರಿ, ಓದಿ. ಒಳಗಿನದ್ದು ಮುಟ್ಟಬೇಡಿ."

"ದುಡ್ಡು ಕೊಟ್ಟದ್ದು ನಾನಲ್ವಾ?"

"ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ ಅತ್ತೆ. ಸುರಕ್ಷತೆ!"

ಮಡಿಯಲ್ಲಿದ್ದ ನಮ್ಮತ್ತೆಯೇ ವಾಸಿ. ಸ್ನಾನ ಮಾಡಿ ಬಂದರೆ ಅವರು ಮುಟ್ಟಲು ಬಿಡುತ್ತಿದ್ದರು.

೩. ಚೌಕ

ಅಂತೂ ಇಡೀ ವಂಶಾವಳಿಯನ್ನು ಕನ್ನಡದಲ್ಲಿ ಟೈಪು ಮಾಡಿದೆ. ಪರದೆಯಲ್ಲಿ ಬಲು ಚೆಂದ ಕಾಣುತ್ತಿತ್ತು. ತಂಬಿಲದ ದಿನ ಬೆಳಿಗ್ಗೆ ಅಳಿಯ ಪಾಸ್‌ವರ್ಡ್ ಹಾಕಿ ಪ್ರಿಂಟರು ಎಬ್ಬಿಸಿದ. ಕಾಗದದಲ್ಲಿ ಒಂದೇ ಒಂದು ಅಕ್ಷರ ಇಲ್ಲ! ಹೆಸರಿದ್ದಲ್ಲೆಲ್ಲ ಒಂದೊಂದು ಖಾಲಿ ಚೌಕ. ಸಂಬಂಧ ತೋರಿಸುವ ಗೆರೆಗಳು ಮಾತ್ರ ನೆಟ್ಟಗಿದ್ದವು.

"ಫಾಂಟಿನ ಸಣ್ಣ ಸಮಸ್ಯೆ ಅತ್ತೆ. ಒಂದು ವಾರ ಕೊಟ್ಟರೆ..."

"ನಾಗನಿಗೆ ಹೇಳಿ ನೋಡಿ, ವಾರ ಕಾಯುತ್ತಾನೋ!"

ಕೈಬರಹದ ಪ್ರತಿಯನ್ನೇ ಹಿಡಿದು ಮಗಳು, ಅಳಿಯನ ಜೊತೆ ಬೆಳ್ಮಣ್ಣಿಗೆ ಹೊರಟೆ. ಮುದ್ರಿಸಿದ ಹಾಳೆಯೂ ಅದರೊಳಗೇ ಉಳಿದಿತ್ತು. ಊಟದ ನಂತರ ದೊಡ್ಡ ಭಾವ ಎಂದಿನಂತೆ ತಟ್ಟೆ ಇಡಲು ಬಂದರು. ಹಾಳೆ ಜಾರಿ ಕೆಳಗೆ ಬಿತ್ತು. ಎತ್ತಿದರು, ಕನ್ನಡಕ ಹಾಕಿದರು. ತಟ್ಟೆ ಕೈಯಲ್ಲೇ ಉಳಿಯಿತು.

"ಹೋ! ಜಾಗದ ಪಾಲಿನ ನಕ್ಷೆ ಮಾಡಿಸಿದ್ದೀಯಾ? ನಮಗೆ ಒಂದು ಮಾತು ಹೇಳದೆ?"

ಪಾಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮಲಗಿದ್ದವರೆಲ್ಲ ಎದ್ದು ಬಂದು ಹಾಳೆಯ ಸುತ್ತ ಬಗ್ಗಿದರು. ನನ್ನ ವಂಶಾವಳಿಗೆ ಇಷ್ಟು ಜನ ಓದುಗರು ಎಂದೂ ಸಿಕ್ಕಿರಲಿಲ್ಲ. ಗೆರೆಗಳೆಲ್ಲ ರಸ್ತೆಗಳಾದವು. ಒಬ್ಬರಿಗೆ ನೀರಿನ ದಾರಿ ಬೇಕು, ಇನ್ನೊಬ್ಬರಿಗೆ ತಮ್ಮ ಜಾಗ ಎಷ್ಟು ಸೆಂಟ್ಸ್ ಎಂಬ ಲೆಕ್ಕ ಬೇಕು, ಮತ್ತೊಬ್ಬರಿಗೆ ಬಾವಿ ಯಾವ ಚೌಕದಲ್ಲಿದೆ ಎಂದು ತಿಳಿಯಬೇಕು. ಅಳಿಯ ವಿವರಿಸಲು ಬಾಯಿ ತೆರೆದ. ಮಗಳು ಅವನ ಕಾಲು ತುಳಿದಳು.

ದೊಡ್ಡ ಭಾವ ಮೂಲೆಯ ಚೌಕದ ಮೇಲೆ ಬೆರಳೊತ್ತಿ, "ಇದು ಮಾರ್ಗದ ಬದಿಯದ್ದು. ಹಿರಿಯನಾದ ನನಗೇ ಸೇರಬೇಕು," ಎಂದರು.

ನಾನು ಕೈಬರಹದ ಪ್ರತಿ ಬಿಡಿಸಿ ಆ ಜಾಗವನ್ನು ಹುಡುಕಿದೆ.

"ಭಾವ, ಅದು ಜಾಗ ಅಲ್ಲ. ತೀರಿಹೋದ ನಿಮ್ಮ ಅಜ್ಜಿ."

ಭಾವ ಬೆರಳು ತೆಗೆಯಲಿಲ್ಲ.

"ಆಗಲಿ ಮಾರಾಯ್ತಿ. ಅಜ್ಜಿ ಎಷ್ಟು ಸೆಂಟ್ಸ್ ಉಂಟು?"