ತಳಕಲ್ಲಿನಾಚೆಯ ಪರದೇಶ

ಕೊಪ್ಪಳದ ಅರಿವೆ ವ್ಯಾಪಾರಿ ವಿರೂಪಾಕ್ಷಪ್ಪನವರಿಗೆ ಉಣ್ಣಲು ಉಡಲು ಏನೂ ಕೊರತೆ ಇರಲಿಲ್ಲ. ಇದ್ದದ್ದು ಒಂದೇ ಕೊರಗು. ಅವರ ಓಣಿಯಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗಿ ಬಂದವರೇ. ಮಗ್ಗುಲ ಮನೆಯ ಹಂಪಣ್ಣ ಕಾಶಿಗೆ ಹೋಗಿ ಬಂದು ಆರು ವರ್ಷವಾದರೂ ಗಂಗೆಯ ನೀರು ಎಷ್ಟು ತಣ್ಣಗಿತ್ತು ಎಂಬುದನ್ನು ಬೇಸಿಗೆ ಬಂದಾಗಲೆಲ್ಲ ಹೇಳುತ್ತಿದ್ದ. ಎದುರು ಮನೆಯ ಹುಸೇನಬಾಷಾನ ತಂದೆ ಹಡಗು ಹತ್ತಿ ಮಕ್ಕಾ ನೋಡಿ ಬಂದವರು. ವಿರೂಪಾಕ್ಷಪ್ಪನವರು ಮಾತ್ರ ಆ ಕಡೆ ಗಿಣಿಗೇರಾ, ಈ ಕಡೆ ಕುಷ್ಟಗಿ, ಇಷ್ಟರೊಳಗೆ ತಮ್ಮ ನಲವತ್ತಾರು ವರ್ಷದ ಭೂಪ್ರದಕ್ಷಿಣೆ ಮುಗಿಸಿದ್ದರು. (ಹೊಳೆ ದಾಟಿ ಹಂಪಿಗೆ ಹೋದದ್ದುಂಟು. ಆದರೆ ಸ್ವಂತ ಹೆಸರಿನ ದೇವರ ಮನೆಗೆ ಹೋಗಿ ಬಂದದ್ದನ್ನು ಪ್ರವಾಸ ಎನ್ನಲು ಹಂಪಣ್ಣ ಸುತಾರಾಂ ಒಪ್ಪಲಿಲ್ಲ.)

ಹೀಗಿರುವಾಗ ಡಿಸೆಂಬರ್ ತಿಂಗಳಲ್ಲಿ ಬೆಟಗೇರಿಯ ಸಾಮುವೇಲಪ್ಪ ಸೀರೆಯ ಗಂಟು ಹೊತ್ತು ಅಂಗಡಿಗೆ ಬಂದರು. ಅವರು ನೇಕಾರರು, ಮಿಷನ್ನಿನ ಕ್ರೈಸ್ತರು. ಎರಡು ತಿಂಗಳಿಗೊಮ್ಮೆ ಕೊಪ್ಪಳಕ್ಕೆ ಬಂದಾಗ ವಿರೂಪಾಕ್ಷಪ್ಪನವರ ಮನೆಯಲ್ಲೇ ಅವರ ಊಟ.

"ಏಳು ವರ್ಷ ನಿಮ್ಮನಿ ಹೋಳಿಗಿ ತಿಂದ ಹೊಟ್ಟಿ ಇದು, ಸಾವಕಾರ್ರ," ಎಂದರು ಸಾಮುವೇಲಪ್ಪ. "ಈ ಸಲ ಕ್ರಿಸ್‌ಮಸ್ಸಿಗೆ ನೀವು, ಅಕ್ಕಾರು ಇಬ್ಬರೂ ನಮ್ಮ ಮನಿಗೆ ಬರಬೇಕು. ನಿಮ್ಮ ಊಟದ ಚಿಂತಿ ಬ್ಯಾಡ. ಮಗ್ಗಲ ಮನಿ ಕಳಕಮ್ಮ ನಿಮ್ಮವರ, ಅವರ ಕಡೆ ಅಡಗಿ ಮಾಡಸ್ತೀನಿ."

ವಿರೂಪಾಕ್ಷಪ್ಪನವರ ತಲೆಯಲ್ಲಿ ಮಿಂಚು ಹೊಳೆದದ್ದು ಆಗಲೇ. ಆ ಕಾಲಕ್ಕೆ ಕೊಪ್ಪಳ ನಿಜಾಮರದು, ಗದಗು ಬೆಟಗೇರಿ ಇಂಗ್ರೇಜಿಯವರದು. ರೈಲು ತಳಕಲ್ಲು ಸ್ಟೇಷನ್ ದಾಟಿತೆಂದರೆ ಸರಕಾರ ಬೇರೆ, ನಾಣ್ಯ ಬೇರೆ, ಟಪಾಲಿನ ತಿಕೀಟಿನ ಮೇಲಿನ ಚಿತ್ರ ಬೇರೆ. ಮೂರು ತಾಸಿನ ಹಾದಿಯಾದರೇನು? ಪರದೇಶ ಪರದೇಶವೇ! ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು: ವಿರೂಪಾಕ್ಷಪ್ಪನವರು ಸಪತ್ನೀಕರಾಗಿ ಪರದೇಶಕ್ಕೆ ಹೊರಟಿದ್ದಾರೆ, ಅಲ್ಲಿನ ಮಿತ್ರರ ಮನೆಯಲ್ಲಿ ಕ್ರಿಸ್‌ಮಸ್ ಆಚರಿಸಲಿದ್ದಾರೆ.

ಅವರ ಹೆಂಡತಿ ಶಂಕ್ರಮ್ಮ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು. "ಗದಗಿಗೆ ಹೋಗೂದಕ್ಕ ಇಷ್ಟ್ಯಾಕ ಡಂಗುರಾರಿ?"

"ಗದಗಲ್ಲ, ಪರದೇಶ! ಅಲ್ಲಿ ರೀತಿರಿವಾಜು ನಿನಗ ಗೊತ್ತಿಲ್ಲ. ಕಲೀಬೇಕು."

ಕಲಿಸುವ ಹೊಣೆಯನ್ನು ಅವರೇ ಹೊತ್ತರು. ಪರದೇಶದ ಬಗ್ಗೆ ಅವರಿಗಿದ್ದ ಸಮಸ್ತ ಜ್ಞಾನವೂ ಅಂಗಡಿಯಲ್ಲಿ ಗುಂಡಿ ತುಂಬಿಡುತ್ತಿದ್ದ ಒಂದು ಬಿಸ್ಕೀಟಿನ ಡಬ್ಬಿಯ ಮುಚ್ಚಳದಿಂದ ಬಂದದ್ದು. ಅದರ ಮೇಲೆ ಒಬ್ಬ ಸಾಹೇಬ, ಒಬ್ಬಳು ಮಡಮ್ಮ, ಮೂರು ಮಕ್ಕಳು ಮೇಜಿನ ಸುತ್ತ ಕೂತು ನಗುತ್ತಿದ್ದರು.

"ಮೊದಲನೇ ಮಾತು, ಅಲ್ಲಿ ಯಾರೂ ನೆಲದ ಮ್ಯಾಲೆ ಕೂಡೂದಿಲ್ಲ."

"ಹಂಗಾರ ನೆಲಾ ಯಾಕ ಇಟಗೊಂಡಾರ?"

"ನಡಿಲಿಕ್ಕೆ! ಎರಡನೇದು, ಕೈಲೆ ಉಣ್ಣಂಗಿಲ್ಲ. ಮುಳ್ಳಚಮಚದಲೆ ಉಣಬೇಕು. ಮೂರನೇದು, ಯಾರರ ಎದುರು ಬಂದ್ರ ಗುಡ್ ಮಾರ್ನಿಂಗ್ ಅನಬೇಕು."

ಮುಳ್ಳಚಮಚವನ್ನು ಎಲ್ಲಿಂದಲೋ ತಂದರು. ಶಂಕ್ರಮ್ಮ ಆಜ್ಞಾಧಾರಕಳಂತೆ ಅದನ್ನು ಎರಡು ದಿನದ ಕಟಕ ರೊಟ್ಟಿಗೆ ಚುಚ್ಚಿದರು. ಟಪ್ಪೆಂದು ಹಾರಿದ ಹೋಳು ಹಂಪಣ್ಣನ ಅಂಗಳದಲ್ಲಿ ಇಳಿಯಿತು. ಅಲ್ಲಿಗೆ ಆ ಪಾಠ ಸಮಾಪ್ತವಾಯಿತು.

ಇನ್ನು ಉಡುಪು. ಕೋಟು ಮನೆಯಲ್ಲಿತ್ತು. ಬೂಟು ಇರಲಿಲ್ಲ. ಓಣಿಯಲ್ಲಿ ಬೂಟೆಂಬುದು ಇದ್ದದ್ದು ಹುಸೇನಬಾಷಾನ ಬಳಿ ಒಂದೇ ಜೊತೆ. ಅವನ ನಿಖಾದಲ್ಲಿ ಹೆಂಡತಿ ಮಾಶಾಬಿಯ ತಂದೆ ಹೈದರಾಬಾದಿನಿಂದ ತರಿಸಿ ಕೊಟ್ಟದ್ದು.

"ಕಾಕಾ, ಜೀವಾ ಕೇಳ್ರಿ, ಕೊಡ್ತೀನಿ," ಎಂದ ಹುಸೇನಬಾಷಾ, ಬೂಟನ್ನು ಕೂಸಿನಂತೆ ಎತ್ತಿ ಕೊಡುತ್ತ. "ಆದ್ರ ಇದರ ಮ್ಯಾಲೆ ಒಂದು ಗೀರು ಬಿತ್ತಂದ್ರ ಮಾಶಾಬಿ ನನ್ನ ಮನಿಯಾಗ ಇಡೂದಿಲ್ಲ. ನಿಮ್ಮ ಕಾಲಿಗೆ ಸಣ್ಣ ಆಗತೈತೇನೋ?"

"ಪರದೇಶದಾಗ ಬಿಗಿನ ಹಾಕ್ತಾರ," ಎಂದರು ವಿರೂಪಾಕ್ಷಪ್ಪನವರು ಗಂಭೀರವಾಗಿ.

ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ ಐದು ಗಂಟೆಗೆ ದಂಪತಿಗಳು ಬೆಟಗೇರಿಯ ಸಾಮುವೇಲಪ್ಪನವರ ಮನೆಯ ಮುಂದೆ ಜಟಕಾದಿಂದ ಇಳಿದರು. ಬಾಗಿಲಿಗೆ ಮಾವಿನ ತೋರಣ, ಅದರ ನಡುವೆ ಬಣ್ಣದ ಕಾಗದದ ನಕ್ಷತ್ರ. ಹೊಸ್ತಿಲಲ್ಲಿ ಸಾಮುವೇಲಪ್ಪ, ಇಲಕಲ್ಲ ಸೀರೆಯುಟ್ಟ ಅವರ ಹೆಂಡತಿ ಸುಗುಣಮ್ಮ, ಮುದಿ ತಾಯಿ ಸಣ್ಣವ್ವ, ನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದರು.

ವಿರೂಪಾಕ್ಷಪ್ಪನವರು ಎದೆಯುಬ್ಬಿಸಿ, "ಗುಡ್ ಮಾರ್ನಿಂಗ್!" ಎಂದರು.

ನಾಲ್ಕೂ ಮಕ್ಕಳು ಸೊಂಟ ಬಗ್ಗಿಸಿ, ಹಣೆಗೆ ಕೈ ಮುಟ್ಟಿಸಿ, ಒಂದೇ ಉಸಿರಿನಲ್ಲಿ, "ಆದಾಬ್ ಅರ್ಜ್ ಹೈ!" ಎಂದವು.

ಸಾಮುವೇಲಪ್ಪ ತಲೆ ಕೆರೆದುಕೊಂಡರು. "ನಿಜಾಮರ ದೇಶದಿಂದ ಮಂದಿ ಬರತಾರಂತ ನಾನ ಎಂಟು ದಿನಾ ಕಲಿಸೀನ್ರಿ."

ಶಂಕ್ರಮ್ಮ ನಕ್ಕದ್ದು ನೋಡಿ ಸುಗುಣಮ್ಮನೂ ನಕ್ಕರು. ಆ ಇಬ್ಬರು ಹೆಂಗಸರು ಅಲ್ಲಿಂದ ಮುಂದೆ ಎರಡು ದಿನ ನಗುವುದನ್ನು ನಿಲ್ಲಿಸಲೇ ಇಲ್ಲ.

ಒಳಗೆ ಹೋದ ವಿರೂಪಾಕ್ಷಪ್ಪನವರು ಕಣ್ಣಲ್ಲೇ ಮೇಜು ಹುಡುಕಿದರು. ಕಂಡದ್ದು ಎರಡು ಮಗ್ಗ, ಒಂದು ಹಾರ್ಮೋನಿಯಂ, ಹಾಸಿದ ಜಮಖಾನೆ. ಒಲೆಯ ಮೇಲೆ ಕರಜಿಕಾಯಿ ಕರಿಯುವ ವಾಸನೆ ಥೇಟು ಕೊಪ್ಪಳದ್ದೇ! ಬಿಸ್ಕೀಟಿನ ಡಬ್ಬಿ ತಮಗೆ ಮೋಸ ಮಾಡಿತೇ ಎಂಬ ಶಂಕೆ ಅವರಿಗೆ ಮೊದಲ ಬಾರಿಗೆ ಮೂಡಿತು.

ಕಳಕಮ್ಮನ ಮನೆಯ ಅಡುಗೆಯ ಮಾತು ಬಂತು. ಪರದೇಶದ ಡೌಲು ಏನೇ ಇರಲಿ, ಓಣಿಯವರು ನಾಳೆ ಏನೆಂದಾರು ಎಂಬ ಅಳುಕು ವಿರೂಪಾಕ್ಷಪ್ಪನವರಿಗೆ ಇದ್ದೇ ಇತ್ತು. "ಅಲ್ಲ, ಅದೂ ಒಂದು ಅನುಕೂಲನ..." ಎಂದು ಶುರುಮಾಡಿದರು.

ಶಂಕ್ರಮ್ಮ ಮುಗಿಸಲು ಬಿಡಲಿಲ್ಲ. "ಸಾಮುವೇಲಣ್ಣ ಏಳು ವರ್ಷ ನನ್ನ ಕೈ ರೊಟ್ಟಿ ಉಂಡಾನ. ಇವತ್ತ ಅವನ ಮನಿಗೆ ಬಂದು ಬ್ಯಾರೆ ಒಲಿ ಕೇಳ್ಲಾ? ಸುಗುಣಮ್ಮಾ, ನಿಮ್ಮ ಒಲಿ ಮ್ಯಾಲೆ ಆದದ್ದ ನಮಗೂ ಇರಲಿ."

"ಮಟನ್ ಗಿಟನ್ ಎಲ್ಲಾ ನಮ್ಮ ಭಾವನ ಮನಿಯಾಗ ಇಟ್ಟೀವ್ರಿ ಅಕ್ಕಾ. ಇಲ್ಲೆ ಎರಡು ದಿನಾ ಬರೇ ಕಾಯಿಪಲ್ಲೆ," ಎಂದ ಸುಗುಣಮ್ಮನ ಕಣ್ಣು ತುಂಬಿಬಂದಿತ್ತು. ವಿರೂಪಾಕ್ಷಪ್ಪನವರು ಗೋಡೆಯ ಕಡೆ ನೋಡಿದರು. ದೇಶ ನೋಡಲು ಬಂದದ್ದು ತಾವು, ಬಂದ ಕೂಡಲೆ ಊರಿನವಳಾದದ್ದು ಹೆಂಡತಿ!

ಬೆಳಗಾಯಿತು. ಹೋದ ಮಾನವನ್ನು ಬೂಟಿನಿಂದ ಮರಳಿ ಗಳಿಸುವುದೆಂದು ತೀರ್ಮಾನಿಸಿ, ವಿರೂಪಾಕ್ಷಪ್ಪನವರು ಕಾಲಿಗೆ ಕೊಬ್ಬರಿ ಎಣ್ಣೆ ಸವರಿ, ಉಸಿರು ಬಿಗಿಹಿಡಿದು, ಅರ್ಧ ತಾಸಿನಲ್ಲಿ ಎರಡೂ ಬೂಟು ಹಾಕಿಕೊಂಡರು. ಪ್ರಾರ್ಥನಾ ಮಂದಿರ ಒಂದು ಮೈಲಿ ದೂರ. ಅರ್ಧ ಮೈಲಿಗೆ ಕಿರುಬೆರಳು ಮಾತಾಡತೊಡಗಿತು, ಮುಕ್ಕಾಲು ಮೈಲಿಗೆ ಹತ್ತೂ ಬೆರಳು ಸೇರಿ ಭಜನೆ ಹಿಡಿದವು.

ಮಂದಿರದ ಬಾಗಿಲಲ್ಲಿ ನೋಡಿದರೆ, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಚಾಪೆಯ ಮೇಲೆ ಕೂಡುತ್ತಿದ್ದಾರೆ! ವಿರೂಪಾಕ್ಷಪ್ಪನವರು ಬಗ್ಗಿ ಬೂಟು ಎಳೆದರು. ಬರಲಿಲ್ಲ. ಕಂಬ ಹಿಡಿದು ಎಳೆದರು. ಕಂಬವೇ ಬಂದೀತೆಂಬ ಭಯವಾಗಿ ಬಿಟ್ಟರು. ಬಾತ ಕಾಲು ಬೂಟನ್ನು ಸ್ವಂತ ಚರ್ಮವೆಂದೇ ಭಾವಿಸಿತ್ತು.

"ನೀ ಹೋಗು, ನನಗ ಹೊರಗ ಗಾಳಿ ಛಲೋ ಐತಿ," ಎಂದು ಹೆಂಡತಿಯನ್ನು ಒಳಗೆ ಕಳಿಸಿ ಬಾಗಿಲ ಪಕ್ಕ ನಿಂತರು. ಕೋಟು, ತಲೆಗೆ ಪಟಗಾ, ಮಿರಮಿರ ಬೂಟು. ತಡವಾಗಿ ಬಂದ ಒಬ್ಬ ಮುದುಕಿ ಅವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ತನ್ನ ಹೊಸ ಚಪ್ಪಲಿಯನ್ನು ಅವರ ಬೂಟಿನ ಪಕ್ಕ ಇಟ್ಟು, "ಲಕ್ಷ್ಯ ಇರಲೆಪ್ಪಾ," ಎಂದಳು. ಅವಳನ್ನು ನೋಡಿ ಹಿಂದೆ ಬಂದ ಏಳೆಂಟು ಮಂದಿಯೂ ಹಾಗೆಯೇ ಮಾಡಿದರು. ಒಳಗೆ ಹಾರ್ಮೋನಿಯಂ ಏರಿತು. ಕಿಟಕಿಯಲ್ಲಿ ಇಣುಕಿದರೆ ಶಂಕ್ರಮ್ಮ ಸುಗುಣಮ್ಮನ ಕಿರಿಯ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಪದ ಗೊತ್ತಿಲ್ಲದಿದ್ದರೂ ಧಾಟಿ ಹಿಡಿದು ಹಾಡುತ್ತಿದ್ದರು.

ಪ್ರಾರ್ಥನೆ ಮುಗಿದು ಎಲ್ಲರೂ ಹೊರಗೆ ಬಂದಾಗ ಸಂಗತಿ ಬಯಲಾಯಿತು. ಪಾದ್ರಿಗಳು ಬಿಳಿ ಗಡ್ಡದ ಹಿರಿಯರು, ಮರುಕದ ಸ್ವಭಾವ. ವಿರೂಪಾಕ್ಷಪ್ಪನವರನ್ನು ಕಟ್ಟೆಯ ಮೇಲೆ ಕೂಡಿಸಿ, ತಾವೇ ನೆಲಕ್ಕೆ ಮೊಣಕಾಲೂರಿ, ಎರಡೂ ಕೈಯಿಂದ ಬೂಟು ಹಿಡಿದು ಎಳೆದರು. ಸಾಮುವೇಲಪ್ಪ ಹಿಂದಿನಿಂದ ಅತಿಥಿಯ ಬಗಲು ಹಿಡಿದು ಎಳೆದರು. ನಡುವೆ ವಿರೂಪಾಕ್ಷಪ್ಪನವರು ಮಗ್ಗದ ನೂಲಿನಂತೆ ಬಿಗಿದು ನಿಂತರೇ ಹೊರತು ಬೂಟು ಅಲ್ಲಾಡಲಿಲ್ಲ.

"ಕತ್ತರಿ ತರ್ರಿ, ಕತ್ತರಿಸಿಬಿಡೂಣು," ಎಂದರು ಪಾದ್ರಿಗಳು.

"ಅಯ್ಯೋ ಬ್ಯಾಡ್ರಿ! ಮಾಶಾಬಿ!" ಎಂದು ಚೀರಿದರು ವಿರೂಪಾಕ್ಷಪ್ಪನವರು.

ಪಾದ್ರಿಗಳು ಶಂಕ್ರಮ್ಮನ ಕಡೆ ನೋಡಿ ಮೆಲ್ಲಗೆ ಕೇಳಿದರು, "ಮಾಶಾಬಿ ಅಂದ್ರ ಯಾರಮ್ಮಾ?"

"ಬೂಟಿನ ಮಾಲಕಿ ರೀ," ಎಂದರು ಶಂಕ್ರಮ್ಮ, ಸೆರಗು ಬಾಯಿಗೆ ಒತ್ತಿಕೊಂಡು.

ಬೂಟಿನ ಸಮೇತವೇ ಮನೆಗೆ ಬಂದದ್ದಾಯಿತು. ಪಡಸಾಲೆಯಲ್ಲಿ ಎರಡು ಸಾಲು ಎಲೆ ಹಾಕಿದ್ದರು. ಬೂಟು ಕಾಲಿನಲ್ಲಿ ಪಡಸಾಲೆ ತುಳಿಯುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತೆಯೂ ಇಲ್ಲ. ಸಾಮುವೇಲಪ್ಪ ಓಡಿಹೋಗಿ ಸಾಲಿ ಮಾಸ್ತರರ ಮನೆಯಿಂದ ಕುರ್ಚಿ ತಂದರು. ಅಂಗಳದ ನಡುವೆ ಕುರ್ಚಿ, ಮುಂದೆ ಒಂದು ಮರದ ಪೆಟ್ಟಿಗೆ, ಅದರ ಮೇಲೆ ತಾಟು. ಊರಿನಿಂದ ತಂದ ಮುಳ್ಳಚಮಚವನ್ನು ಸುಗುಣಮ್ಮ ಭಕ್ತಿಯಿಂದ ತೊಳೆದು ಪಕ್ಕದಲ್ಲಿಟ್ಟರು. (ಅದು ಶಂಕ್ರಮ್ಮನ ಬಟ್ಟೆಯ ಗಂಟಿನಲ್ಲಿ ಸಿಕ್ಕದ್ದು ನೋಡಿ, ಹಬ್ಬದ ಊಟವನ್ನು ಅದಿಲ್ಲದೆ ಅವರು ಉಣ್ಣುವುದಿಲ್ಲವೆಂದೇ ಆಕೆ ತಿಳಿದಿದ್ದರು.)

ಒಳಗೆ ಮೂವತ್ತು ಮಂದಿ ನೆಲದ ಮೇಲೆ ಕೂತು ಸೊರಸೊರ ಪಾಯಸ ಹೀರುತ್ತಿದ್ದರೆ, ಹೊರಗೆ ಬಿಸಿಲಿನಲ್ಲಿ ವಿರೂಪಾಕ್ಷಪ್ಪನವರು ಒಬ್ಬರೇ ಎಣ್ಣೆಗಾಯಿಗೆ ಮುಳ್ಳು ಚುಚ್ಚುತ್ತ ಪರದೇಶದ ಕ್ರಿಸ್‌ಮಸ್ ಆಚರಿಸಿದರು. ಸಾಮುವೇಲಪ್ಪನವರ ಕಿರಿಯ ಮಗಳು ಕಂಬದ ಮರೆಯಿಂದ ಬಹಳ ಹೊತ್ತು ನೋಡಿ ಒಳಗೆ ಓಡಿದಳು.

"ಯವ್ವಾ, ನಿಜಾಮರ ದೇಶದಾಗ ಎಲ್ಲಾರೂ ಹಿಂಗ ಉಣತಾರೇನ?"

ಕೊನೆಗೆ ಉಪಾಯ ಹೇಳಿದ್ದು ಮುದುಕಿ ಸಣ್ಣವ್ವ. "ಎಳದ್ರ ಬರೂದಿಲ್ಲ ಅದು. ಕಾಲು ಮ್ಯಾಲೆ ಮಾಡಿ ಮಲಗಸ್ರಿ, ಬಾವು ಇಳೀತೈತಿ." ಹೊರಸು ತಂದರು. ವಿರೂಪಾಕ್ಷಪ್ಪನವರನ್ನು ಅಡ್ಡ ಮಲಗಿಸಿ, ಹೊರಸಿನ ಸಮೇತ ಒಳಗೆ ಹೊತ್ತು, ಎರಡೂ ಕಾಲನ್ನು ಸೀರೆಯ ತುಂಡಿನಿಂದ ಮಗ್ಗದ ತೊಲೆಗೆ ಎತ್ತಿ ಕಟ್ಟಿದರು. ಹಬ್ಬದ ಶುಭ ಹಾರೈಸಲು ಬಂದ ನೆಂಟರೆಲ್ಲ ಮೊದಲು ಬೂಟಿಗೆ, ಆಮೇಲೆ ಮುಖಕ್ಕೆ ನಮಸ್ಕಾರ ಮಾಡಿದರು.

ಹಾಗೆ ಮಲಗಿದ್ದಾಗ ಅಡುಗೆಮನೆಯಿಂದ ಶಂಕ್ರಮ್ಮನ ನಗು ಕೇಳುತ್ತಿತ್ತು. ಗಂಟಲು ಬಿಚ್ಚಿ, ಲಟಿಗೆ ಮುರಿದಂಥ ನಗು. ಲಗ್ನವಾದ ಹೊಸತರಲ್ಲಿ ಅವಳು ಹೀಗೆ ನಗುತ್ತಿದ್ದಳು ಎಂಬುದು ವಿರೂಪಾಕ್ಷಪ್ಪನವರಿಗೆ ತಟ್ಟನೆ ನೆನಪಾಯಿತು. ಆ ನಗು ನಿಂತದ್ದು ಯಾವಾಗ ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬಹುಶಃ ನಗುತ್ತಿರುವುದು ತಮ್ಮನ್ನೇ ನೆನೆದು. ಇರಲಿ, ಎಂದುಕೊಂಡು ಕಣ್ಣು ಮುಚ್ಚಿದರು.

ದೀಪ ಹಚ್ಚುವ ಹೊತ್ತಿಗೆ ಸಣ್ಣವ್ವ ಬಂದು ಎರಡೇ ಬೆರಳಿನಿಂದ ಎಳೆದಳು. ಬೂಟುಗಳು ಮುಳ್ಳು ಕಿತ್ತಂತೆ ಸುಸೂತ್ರ ಕಳಚಿಬಂದವು. ಗೀರೊಂದೂ ಬಿದ್ದಿರಲಿಲ್ಲ. ಹಬ್ಬಕ್ಕೆಂದು ಮಾಡಿದ್ದ ಕೇಕು ಮಾತ್ರ ಅಷ್ಟರಲ್ಲಿ ಖಾಲಿಯಾಗಿತ್ತು.

ಊರಿಗೆ ಮರಳಿದ ಮರುದಿನ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಶಂಕ್ರಮ್ಮನ ಪಡಸಾಲೆಯಲ್ಲಿ ನೆರೆದರು. ಒಳಕೋಣೆಯಲ್ಲಿ ವಿರೂಪಾಕ್ಷಪ್ಪನವರು ಬಾಗಿಲಿಗೆ ಕಿವಿಯಿಟ್ಟು ನಿಂತರು. ಇವತ್ತಿಗೆ ಹಂಪಣ್ಣನ ಮುಂದೆ ತಲೆಯೆತ್ತುವ ಬಾಳು ಮುಗಿಯಿತು!

"ಪರದೇಶದಾಗ ನಿಮ್ಮವರಿಗೆ ಹೆಂಗ ನೋಡಿಕೊಂಡ್ರವ್ವಾ?" ಎಂದು ಕೇಳಿದಳು ಹಂಪಣ್ಣನ ಹೆಂಡತಿ.

"ಏನ ಹೇಳ್ಲೆವ್ವಾ," ಎಂದರು ಶಂಕ್ರಮ್ಮ ನಿಧಾನವಾಗಿ. "ಮೂವತ್ತು ಮಂದಿ ನೆಲಕ್ಕ ಕುಂತಿದ್ರು. ಕುರ್ಚಿ ಹಾಕಿದ್ದು ನಮ್ಮವರೊಬ್ಬರಿಗೆ. ಪಾದ್ರಿಗಳು ಅಂದ್ರ ಅವರಿಗೆ ಗುರುಗಳಿದ್ದಂಗ. ಅಂಥವರು ಎಲ್ಲಾರ ಮುಂದ ಮೊಣಕಾಲೂರಿ, ಎರಡೂ ಕೈಲೆ ಇವರ ಕಾಲ ಹಿಡದ್ರು. ಬಂದ ಬೀಗರೆಲ್ಲಾ ಮೊದಲು ಇವರ ಪಾದಕ್ಕ ನಮಸ್ಕಾರ ಮಾಡಿ ಆಮ್ಯಾಗ ಮಾತಾಡಸ್ತಿದ್ರು."

"ನಮ್ಮ ಅಬ್ಬಾ ಕೊಟ್ಟ ಬೂಟು ಹಾಕ್ಕೊಂಡಾಗೇನ್ರಿ?" ಎಂದು ಮಾಶಾಬಿ ಕಣ್ಣೊರೆಸಿಕೊಂಡಳು.

ಹೆಂಗಸರು ಹೋದದ್ದೇ ತಡ ವಿರೂಪಾಕ್ಷಪ್ಪನವರು ಹೊರಗೆ ಹಾರಿ ಬಂದರು. "ಶಂಕ್ರವ್ವಾ, ಏನ ಹೇಳಿದೀಯ! ಒಂದು ಅಕ್ಷರ ಸುಳ್ಳಿಲ್ಲ!"

"ಸುಳ್ಳು ಯಾಕ ಹೇಳಲಿ? ಅರ್ಧಾ ಹೇಳೀನಿ. ಇನ್ನರ್ಧಾ ನನ್ನ ಕಡೆ ಐತಿ." ಶಂಕ್ರಮ್ಮ ಕಾಲು ಚಾಚಿ ಗೋಡೆಗೆ ಒರಗಿದರು. "ಅಲ್ಲರೀ, ಮೈಸೂರು ಸೀಮಿನೂ ಪರದೇಶನ ಅಂತಲ್ಲ? ಅಲ್ಲೆ ಅರಸರ ಅರಮನಿ ಭಾಳ ಛಲೋ ಐತಂತ ಸುಗುಣಮ್ಮ ಹೇಳತಿದ್ಲು. ಆಕಿನೂ ಬರತಾಳಂತ."

ವಿರೂಪಾಕ್ಷಪ್ಪನವರು ಬಾಯಿ ತೆರೆದರು. ಹೊರಗೆ ಹಂಪಣ್ಣನ ಕೆಮ್ಮು ಕೇಳಿಸಿತು. ತೆರೆದ ಬಾಯಿಯಿಂದ ಮಾತು ತಾನೇ ಹೊರಬಂತು.

"ಯಾವಾಗ ಹೋಗೂಣು?"