ಗಿಡ್ಡಪ್ಪ ಅಲಿಯಾಸ್ ಕಿಟ್ಟಪ್ಪ

ನಮ್ಮ ಚಿಕ್ಕಮ್ಮನಿಗೆ ಇಬ್ಬರು ತಂದೆಯರು. ಇದು ನನ್ನ ಮಾತಲ್ಲ, ಸರ್ಕಾರಿ ದಾಖಲೆಗಳ ಮಾತು. ನಮ್ಮಜ್ಜಿ ಈಗ ಬದುಕಿದ್ದು, ಇದನ್ನು ಬರೆದ ಗುಮಾಸ್ತರು ಆಕೆಯ ಕೈಗೆ ಸಿಕ್ಕಿದ್ದರೆ ಆ ಕಚೇರಿಯಲ್ಲಿ ಒಂದು ಕಾಯಂ ಹುದ್ದೆ ಅಂದೇ ತೆರವಾಗುತ್ತಿತ್ತು!

ಚಿಕ್ಕಮ್ಮ ನನ್ನ ತಾಯಿಯ ತಂಗಿ, ತಮಿಳುನಾಡಿನ ಗಡಿಯೂರು ತಳಿಯ ವಾಸಿ, ಗಣಿತದ ಟೀಚರು. ಒಂದು ಖಾಸಗಿ ಶಾಲೆಯ ಕನ್ನಡ ಮಾಧ್ಯಮ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ‘ತಾತ್ಕಾಲಿಕ’ವಾಗಿ ದುಡಿದಳು. ಇಪ್ಪತ್ತೊಂದು ವರ್ಷ ಬಾಳುವ ವಸ್ತುವನ್ನು ತಾತ್ಕಾಲಿಕವೆಂದು ಕರೆಯುವ ಧೈರ್ಯ ಶಿಕ್ಷಣ ಸಂಸ್ಥೆಗಳಿಗಲ್ಲದೆ ಬೇರೆ ಯಾರಿಗಿದೆ? ಕೊನೆಗೆ ಮಕ್ಕಳು ಸಾಲದೆಂದು ಆ ವಿಭಾಗವನ್ನೇ ಮುಚ್ಚಿದರು. ಟೀಚರುಗಳನ್ನು ನೇಮಿಸದೆ ಮಕ್ಕಳು ಬರಲಿಲ್ಲವೆನ್ನುವುದು, ಒಲೆ ಹಚ್ಚದೆ ಅನ್ನ ಬೇಯಲಿಲ್ಲವೆಂದಂತೆ. ಇದನ್ನು ನಾನು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಚಪ್ಪಾಳೆ ಬಂದಿದೆ, ವಿಭಾಗ ತೆರೆದಿಲ್ಲ.

ಕಳೆದ ಗೌರಿ ಹಬ್ಬದ ವಾರ, ನಲವತ್ತಾರನೆಯ ವಯಸ್ಸಿನಲ್ಲಿ, ಅವಳಿಗೆ ತಾಂಜಾನಿಯಾದ ಶಾಲೆಯೊಂದರಿಂದ ನೇಮಕಾತಿ ಪತ್ರ ಬಂತು. ಕಾಯಂ ಎಂಬ ಪದ ಅವಳ ಹೆಸರಿನ ಪಕ್ಕದಲ್ಲಿ ಕುಳಿತದ್ದು ಅದೇ ಮೊದಲು. ಜನವರಿಯಲ್ಲಿ ಶಾಲೆ ಆರಂಭ. ಅಷ್ಟರೊಳಗೆ ವೀಸಾ ಸಿಗಬೇಕು.

ಚಿಕ್ಕಮ್ಮ ಅರ್ಜಿ ತುಂಬುವ ರೀತಿಯೇ ಬೇರೆ. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕೆಂಬುದು ಅವಳ ಹಠ. ಪ್ರಯಾಣದ ಉದ್ದೇಶ? ‘ಭಿನ್ನರಾಶಿ.’ ಗಂಡನ ಹೆಸರು? ‘ಬೇಕಾಗಿಲ್ಲ.’ ವೈವಾಹಿಕ ಸ್ಥಿತಿ? ಕೊಂಚ ಯೋಚಿಸಿ ‘ನೆಮ್ಮದಿ’ ಎಂದು ಬರೆದಳು. ಮದುವೆಯಾಗದ ಹೆಣ್ಣನ್ನು ಪುಟಪುಟಕ್ಕೂ ಗಂಡನ ಬಗ್ಗೆ ವಿಚಾರಿಸುವ ಅರ್ಜಿಗೆ ಇದಕ್ಕಿಂತ ಘನವಾದ ಉತ್ತರವಿಲ್ಲವೆಂದೇ ನಾನು ಇಂದಿಗೂ ನಂಬಿದ್ದೇನೆ. ಅರ್ಜಿ ಮಾತ್ರ ಹಿಂದಿರುಗಿತು.

ಎರಡನೆಯ ಸಲ ನಾನೇ ತುಂಬಿದೆ. ಅದೂ ಹಿಂದಿರುಗಿತು. ಪದವಿ ಪತ್ರದಲ್ಲಿ ತಂದೆ ಗಿಡ್ಡಪ್ಪ, ಪಾಸ್‌ಪೋರ್ಟಿನಲ್ಲಿ ತಂದೆ ಕಿಟ್ಟಪ್ಪ; ಇವರಿಬ್ಬರಲ್ಲಿ ಯಾರು ದಿಟ?

ದಿಟವಾದವರು ಗಿಡ್ಡಪ್ಪ, ನಮ್ಮ ತಾತ. ಆರಡಿ ಎತ್ತರದ ಆ ಮನುಷ್ಯನಿಗೆ ಆ ಹೆಸರಿಟ್ಟವರು ಯಾರೋ ತಿಳಿಯದು. ಅವರ ಹೆಸರನ್ನು ಚಿಕ್ಕಮ್ಮನ ಜನನ ದಾಖಲೆಯಲ್ಲಿ ತಮಿಳಿನಲ್ಲಿ ಬರೆದರು. ಆ ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಟ, ಡ ಎರಡಕ್ಕೂ ಒಂದೇ. ಲಿಪಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಊರಿನವರು ಓದಿದರೆ ಗಿಡ್ಡಪ್ಪನೆಂದೇ ಓದುತ್ತಾರೆ. ಅದನ್ನು ಇಂಗ್ಲಿಷಿಗೆ ಇಳಿಸಿದವರು ಮಾತ್ರ ಎದುರಿಗೆ ನಿಂತಿದ್ದವರನ್ನು ‘ನಿಮ್ಮ ತಂದೆಯ ಹೆಸರೇನಮ್ಮಾ’ ಎಂದು ಕೇಳಲಿಲ್ಲ. ಗಡಿಯ ಜನರ ಹೆಸರನ್ನು ಕೇಳಿ ಬರೆಯುವ ಸೌಜನ್ಯವಿಲ್ಲದಿರುವುದು, ಅದೇ ತಪ್ಪು.

ಪಾಸ್‌ಪೋರ್ಟ್ ತಿದ್ದಲು ಜನನ ಪತ್ರ ತಿದ್ದಬೇಕು. ಜನನ ಪತ್ರ ತಿದ್ದಲು ತಂದೆಯ ಸಹಿ ಬೇಕು, ಇಲ್ಲವೇ ಅವರ ಮರಣ ಪತ್ರ. ತಳಿಯಿಂದ ಹೊಸೂರು, ಅಲ್ಲಿಂದ ಸೂಳಗಿರಿಯ ಮೇಲೆ ಕೃಷ್ಣಗಿರಿಯ ಜಿಲ್ಲಾ ಕಚೇರಿ, ಹೀಗೆ ಎರಡು ಬಸ್ಸು ಹತ್ತಿ ಹೋದೆವು. ಗುಮಾಸ್ತರು ಮರಣ ಪತ್ರವನ್ನು ತಿರುವಿ ನೋಡಿದರು.

“ಇದ್ರಲ್ಲೂ ಕಿಟ್ಟಪ್ಪ ಅಂತಾನೇ ಇರೋದು. ಕಿಟ್ಟಪ್ಪ ಇಲ್ಲ, ಸರಿ. ಗಿಡ್ಡಪ್ಪ ತೀರಿಹೋಗಿರೋದಕ್ಕೆ ಪ್ರೂಫ್ ಎಲ್ಲಮ್ಮಾ? ಪ್ರೂಫ್ ಇಲ್ಲಾಂದ್ರೆ ಅವರನ್ನೇ ಕರ್ಕೊಂಡು ವಾಂಗಮ್ಮಾ, ಸೈನ್ ಹಾಕ್ಲಿ.”

“ಅಂಗಾರೆ ನಮ್ಮಪ್ಪ ಬದ್ಕವ್ರಾ ಸಾರ್?” ಚಿಕ್ಕಮ್ಮ ಕುರ್ಚಿಯ ಅಂಚಿಗೆ ಬಂದು ಕೇಳಿದಳು. “ಎಲ್ಲವ್ರೆ ಅಂತ ಒಂಚೂರು ನೋಡಿ ಹೇಳಿ. ಈಗ್ಲೇ ಓಗಿ ಕರ್ಕೊಂಡ್ ಬತ್ತೀನಿ.”

ಸರದಿಯಲ್ಲಿದ್ದವರೆಲ್ಲ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು.

ಉಳಿದದ್ದು ನೋಟರಿಯ ಪ್ರಮಾಣಪತ್ರ. ಹೊಸೂರಿನ ವಕೀಲರೊಬ್ಬರು ‘ಗಿಡ್ಡಪ್ಪ ಅಲಿಯಾಸ್ ಕಿಟ್ಟಪ್ಪ’ ಎಂದು ಟೈಪು ಮಾಡಿಸಿ ಮುಂದಿಟ್ಟರು. ಚಿಕ್ಕಮ್ಮ ಪೆನ್ನಿನ ಮುಚ್ಚಳ ಹಾಕಿದಳು.

“ಅಲಿಯಾಸ್ ಅಂತ ಬರೆಯೋದು ಪೊಲೀಸ್ ಟೇಸನ್ ಬೋರ್ಡ್‌ನಾಗೆ. ನಮ್ಮಪ್ಪ ಏನ್ ಕಳ್ಳನಾ?”

“ಇದು ಫಾರ್ಮಾಲಿಟಿ ಮೇಡಂ. ಇಬ್ಬರೂ ಒಬ್ಬರೇ ಅಂತ ಪ್ರಮಾಣ ಮಾಡಿದ್ರಾಯ್ತು.”

“ನನ್ನನ್ನ ಎಗಲ್ ಮ್ಯಾಲೆ ಕೂರಿಸ್ಕೊಂಡು ಇಸ್ಕೂಲಿಗೆ ಬಿಟ್ಟೋರು ಗಿಡ್ಡಪ್ಪ. ಆ ಕಿಟ್ಟಪ್ಪನ್ನ ನಾನು ಕಂಡೇ ಇಲ್ಲ. ಕಾಣ್ದೋರ್ನ ಅಪ್ಪ ಅಂತ ಎಂಗೆ ಪ್ರಮಾಣ ಮಾಡ್ಲಿ?”

ಅಂದು ನಾನು ‘ಸಹಿ ಮಾಡು ಚಿಕ್ಕಮ್ಮ’ ಎನ್ನಬೇಕಾಗಿತ್ತು. ಎನ್ನಲಿಲ್ಲ, ಅವಳ ಬೆನ್ನು ತಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಹೆಸರಿನ ಹಕ್ಕನ್ನು ಕುರಿತು ಹದಿನಾಲ್ಕು ಅಂಶಗಳ ಮನವಿ ಬರೆದು ನಾಲ್ಕು ಕಡೆಗೆ ಕಳಿಸಿದೆ. ಅದರ ಪ್ರತಿ ಅಂಶವೂ ಸತ್ಯ. ಆ ಸತ್ಯಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಕೊನೆಗೆ ಮನವಿ ತಲುಪಿದೆಯೆಂಬ ಚೀಟಿ ಬಂತು. ಇಷ್ಟೂ ತಪ್ಪುಗಳನ್ನು ಹೆಸರಿಸಿದವನು ಇದನ್ನೂ ಹೆಸರಿಸಬೇಕು: ಆ ಒಂದೂವರೆ ತಿಂಗಳು ಅವಳದು, ಅದನ್ನು ಕಳೆದವನು ನಾನು.

ಇತ್ತ ಅವಳ ಪೆಟ್ಟಿಗೆ ಮೊದಲ ವಾರದಲ್ಲೇ ಸಿದ್ಧವಾಗಿತ್ತು. ಅದರಲ್ಲಿ ಎರಡು ಕಿಲೋ ರಾಗಿಹಿಟ್ಟು. ತಿಂಗಳಾಗುತ್ತಲೇ ಹಿಟ್ಟು ಮುಗ್ಗಲು ಹಿಡಿದೀತೆಂದು ತೆಗೆದು ಮುದ್ದೆ ಮಾಡಿ, ಹೊಸ ಹಿಟ್ಟು ತುಂಬುತ್ತಿದ್ದಳು. ಹೀಗೆ ತಾಂಜಾನಿಯಾಕ್ಕೆ ಹೊರಟ ಮುದ್ದೆಯನ್ನು ನಾನು ಮೂರು ಸಲ ತಳಿಯಲ್ಲೇ ಉಂಡಿದ್ದೇನೆ. “ಉಣ್ಲಾ, ವಿದೇಶದ ಮುದ್ದೆ” ಎಂದು ಬಡಿಸುತ್ತಿದ್ದಳು. ಮೂರನೆಯ ಸಲ ಬರೀ “ಉಣ್ಲಾ” ಎಂದಳು. ಮರುದಿನ ಒಬ್ಬಳೇ ಹೊಸೂರಿಗೆ ಹೋಗಿ, ಆ ಪ್ರಮಾಣಪತ್ರಕ್ಕೆ ಸಹಿ ಹಾಕಿ ಬಂದಳು.

“ಏನಾಯ್ತು ಚಿಕ್ಕಮ್ಮ?” ಎಂದೆ.

“ಏನಿಲ್ಲ ಕಣ್ಲಾ. ಒಬ್ಬ ಅಪ್ಪನ್ನ ಕೊಟ್ಟು ಇನ್ನೊಬ್ರನ್ನ ತಕ್ಕೊಂಡೆ.”

ಆ ಪ್ರಮಾಣಪತ್ರ ಲಗತ್ತಿಸಿ ಮತ್ತೆ ಅರ್ಜಿ ಹಾಕಿದೆವು. ವೀಸಾ ‘ಪರಿಶೀಲನೆಯಲ್ಲಿದೆ’ ಎಂದರು. ಡಿಸೆಂಬರ್ ಪೂರ್ತಿ ಪರಿಶೀಲನೆಯಲ್ಲೇ ಇತ್ತು. ಶಾಲೆ ಆರಂಭವಾಗುವ ಹಿಂದಿನ ದಿನ ಅಲ್ಲಿಂದ ಸಂದೇಶ ಬಂತು: ಇನ್ನು ಕಾಯಲಾಗದು, ಬೇರೊಬ್ಬ ಶಿಕ್ಷಕಿಯನ್ನು ತೆಗೆದುಕೊಂಡಿದ್ದೇವೆ, ಕ್ಷಮಿಸಿ.

ಮರುದಿನ ಬೆಳಿಗ್ಗೆಯೇ ತಳಿಗೆ ಹೋದೆ. ದಾರಿಯುದ್ದಕ್ಕೂ ಸಾಂತ್ವನದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಮೇಜಿನ ಮುಂದೆ ಬರೆಯುತ್ತ ಕುಳಿತಿದ್ದಳು. ನೇಮಕಾತಿ ಪತ್ರದ ಜೊತೆಗೆ ಆ ಶಾಲೆಯವರು ಅವಳ ತರಗತಿಯ ಮಕ್ಕಳ ಪಟ್ಟಿಯನ್ನೂ ಕಳಿಸಿದ್ದರಂತೆ, ನನಗೆ ತಿಳಿದಿರಲಿಲ್ಲ. ಮೂವತ್ತೊಂದು ಹೆಸರುಗಳು. ಅಲ್ಲಿಯ ಗುಮಾಸ್ತೆಗೆ ಮತ್ತೆ ಮತ್ತೆ ಫೋನು ಮಾಡಿ, ಪ್ರತಿಯೊಂದನ್ನೂ ಹೇಳಿಸಿ ಕೇಳಿ, ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಳು. ಈಗ ಅವನ್ನು ಹೇಗೆ ಉಚ್ಚರಿಸಬೇಕೆಂಬುದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯುತ್ತಿದ್ದಳು.

“ಇದ್ಯಾರಿಗೆ ಚಿಕ್ಕಮ್ಮ?”

“ಒಸಾ ಟೀಚರ್ಗೆ. ಪಾಪ, ಅವ್ಳಿಗೆ ಟೈಮ್ ಸಿಕ್ಕಿರಾಕಿಲ್ಲ. ಮೊದಲ್ನೇ ದಿನಾನೇ ಮಕ್ಳ ಎಸ್ರು ತಪ್ಪಾಗಿ ಕೂಗ್ಬುಟ್ರೆ?”

ಚಿಕ್ಕಮ್ಮ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂವರೆ.

“ಅಲ್ಲೀಗ ಒಂಬತ್ತು ಗಂಟೆ. ಹಾಜರಿ ಕೂಗೋ ಒತ್ತು. ಸುಮ್ಕೆ ಕುಂತ್ಕೊ.”

ಎದ್ದು ನಿಂತು, ಪುಸ್ತಕವನ್ನು ಎಡಗೈಯಲ್ಲಿ ಹಿಡಿದು ಓದತೊಡಗಿದಳು. ಬರಾಕಾ. ನೀಮಾ. ಮ್ವಾಜುಮಾ. ಒಂದೊಂದು ಹೆಸರಾದ ಮೇಲೂ, ಒಂದು ಮಗು ಎದ್ದು ನಿಂತು ಓಗೊಡುವಷ್ಟು ಹೊತ್ತು ಕಾದು, ಆಮೇಲೆ ಮುಂದಿನ ಹೆಸರಿಗೆ ಹೋಗುತ್ತಿದ್ದಳು.